ನೇರ ಕೊಯ್ದ ಕೇಕು

"ಟೀಚರಮ್ಮ, ಈ ಬೀಗದ ಕೈ ನೀವೇ ಇಟ್ಕೊಳ್ಳಿ. ಫಾದರ್ ಕೈಗೆ ಕೊಡೋ ಧೈರ್ಯ ನನಗಿಲ್ಲ," ಎನ್ನುತ್ತ ಗುರುಮನೆಯ ಅಡುಗೆಯಮ್ಮ ಕಣ್ಣೊರೆಸಿಕೊಂಡಳು.

ಚರ್ಚಿನ ವರ್ಷದ ಪಿಕ್ನಿಕ್ಕಿಗೆಂದು ಅವಳು ಮಾಡಿದ್ದ ಕೇಕಿನಲ್ಲಿ ಕಾಲುಭಾಗ ಮಾಯವಾಗಿತ್ತು. "ತಂಗಿ ಮನೆಗೆ ಸಾಗಿಸಿರಬೇಕು" ಎಂದು ಯಾರೋ ಆಡಿದ ಮಾತು ಮೈದಾನವೆಲ್ಲ ಸುತ್ತಿ ಅವಳ ಕಿವಿಗೇ ಬಿದ್ದಿತ್ತು. ಹನ್ನೆರಡು ವರ್ಷ ಗುರುಗಳಿಗೆ ಬಡಿಸಿದವಳು, ಇವತ್ತೇ ಕೆಲಸ ಬಿಡುವುದೆಂದು ಹಟ ಹಿಡಿದಿದ್ದಳು.

ನಿವೃತ್ತ ಟೀಚರಮ್ಮ ಬೀಗದ ಕೈ ಮುಟ್ಟಲಿಲ್ಲ. ಊರಲ್ಲಿ ಕೊಡೆ ಕಳೆಯಲಿ, ಕಿವಿಯೋಲೆ ಕಳೆಯಲಿ, ಪತ್ತೆ ಹಚ್ಚುವವರು ಅವರೇ. ಅವರ ಬೆನ್ನಿಗೆ ನೆರಳಿನಂತಿದ್ದವನು ಪೂಜಾವಸ್ತ್ರ ಹೊಲಿಯುವ ದರ್ಜಿ. ಕೇಕಿನ ಪೆಟ್ಟಿಗೆಯ ಮುಚ್ಚಳ ತೆಗೆದು ಅವನೂ ಇಣುಕಿದ. ಕೊಯ್ದ ಅಂಚು ಗೆರೆ ಎಳೆದಷ್ಟು ನೇರವಾಗಿತ್ತು.

"ಇಡೀ ಕೇಕು ನೋಡಿದ್ದು ಯಾವಾಗ?" ಟೀಚರಮ್ಮ ಕೇಳಿದರು.

"ಒಂಬತ್ತಕ್ಕೆ. ಮುಚ್ಚಳ ಹಾಕಿ ಚರ್ಚಲ್ಲಿ ನಿಮ್ಮ ಪಕ್ಕ ಜಪಸರದ ಪ್ರಾರ್ಥನೆ ಹೇಳೋಕೆ ಬಂದ್ನಲ್ಲ. ಹಾಡೋರಿಗೆ ಬಿಸಿನೀರು ಬೇಕಂತ ಅಡುಗೆಮನೆ ತೆರೆದಿಟ್ಟಿದ್ದೆ. ಪೂಜೆ ಗಂಟೆ ಹೊಡೆದಾಗ ಓಡಿಹೋಗಿ ಹೊರಗಿಂದ ಬೀಗ ಹಾಕಿ ಬಂದೆ."

"ನೀರಿಗೆ ಬಂದೋರು?"

"ನರ್ಸಮ್ಮ, ಬಸ್ಸಿನ ಡ್ರೈವರಣ್ಣ, ನಮ್ಮ ಬಡಗಿ. ಮೂರೇ ಜನ."

ಟೀಚರಮ್ಮ ದರ್ಜಿಯತ್ತ ತಿರುಗಿದರು. "ನೀನು ಅವರ ಹಿಂದಿನ ಬೆಂಚಲ್ಲಿ ಕೂತಿದ್ದೆಯಲ್ಲೋ?"

"ವಿಶೇಷ ಏನಿಲ್ಲಮ್ಮ. ಹತ್ತಕ್ಕೆ ಐದು ನಿಮಿಷ ಇರೋವಾಗ ಎಲ್ರೂ ಫಾದರ್ ಕೈಯಿಂದ ಪರಮಪ್ರಸಾದ ತಗೊಳ್ಳೋಕೆ ಎದ್ರು. ಬಡಗಿ ಮಾತ್ರ ಮಂಡಿನೋವು ಅಂತ ಕೂತಲ್ಲೇ ಕೂತಿದ್ದ."

ಹೇಳುತ್ತಲೇ ಅವನ ಕಣ್ಣು ಮೈದಾನಕ್ಕೆ ಹೋಯಿತು. ಹಗ್ಗ ಜಗ್ಗಾಟದಲ್ಲಿ ಎಲ್ಲರಿಗಿಂತ ಮುಂದೆ ಹಿಮ್ಮಡಿಯೂರಿ ಎಳೆಯುತ್ತಿದ್ದವನು ಅದೇ ಬಡಗಿ! ದರ್ಜಿ ಬಾಯಿ ತೆರೆಯುವಷ್ಟರಲ್ಲಿ ಟೀಚರಮ್ಮ ಅವನ ಕೈಯದುಮಿದರು.

ಊಟಕ್ಕೆ ಮುಂಚೆ ಎಲ್ಲರೂ ಮರದಡಿ ಸೇರಿದರು.

"ಅಡುಗೆಯಮ್ಮ ಜಪಸರದ ಹೊತ್ತಿಂದ ನನ್ನ ಪಕ್ಕದಲ್ಲೇ ಇದ್ದಳು," ಟೀಚರಮ್ಮ ಶುರುಮಾಡಿದರು. "ಬೀಗ ಹಾಕೋಕೆ ಹೋದವಳು ಗಂಟೆ ನಿಲ್ಲೋದ್ರೊಳಗೆ ಬರಿಗೈಲಿ ವಾಪಸ್ ಬಂದಳು. ಪೂಜೆ ಮುಗಿದ್ಮೇಲೆ ಪೆಟ್ಟಿಗೆ ತೆರೆದದ್ದು ನಿಮ್ಮೆಲ್ಲರ ಕಣ್ಣೆದುರೇ. ಹಾಗಾದ್ರೆ ತಿಂದದ್ದು ಬಿಸಿನೀರಿಗೆ ಹೋದ ಮೂವರಲ್ಲಿ ಒಬ್ಬರು. ನೀರು ಕುಡಿದವರು ಪರಮಪ್ರಸಾದ ತಗೋಬಹುದು. ತಿಂದವರು ಒಂದು ಗಂಟೆ ಕಾಯಬೇಕು. ಒಂಬತ್ತಾದ ಮೇಲೆ ತಿಂದವರಿಗೆ ಆ ಗಂಟೆ ತುಂಬಿರಲಿಲ್ಲ. ಮೂವರಲ್ಲಿ ಇಬ್ಬರು ಎದ್ದುಹೋದರು, ಒಬ್ಬರು ಕೂತರು. ಅದಕ್ಕೆ ಸರಿಯಾಗಿ, ಕೇಕಿನ ಅಂಚು ನೋಡಿ. ಅಷ್ಟು ನೇರ ಕೊಯ್ಯೋ ಕೈ ಈ ಊರಲ್ಲಿ ಒಂದೇ. ಹೆಸರು ಮಾತ್ರ ನಾನು ಹೇಳಲ್ಲ. ತಿಂದು ಪರಮಪ್ರಸಾದ ಮುಟ್ಟೋಕೆ ಹೆದರಿದವನು ಒಬ್ಬ ಹೆಂಗಸಿನ ಮಾನ ಹೋಗೋದನ್ನ ಸುಮ್ಮನೆ ನೋಡ್ತಾ ಕೂರಲ್ಲ."

ಬಡಗಿ ಎದ್ದು ಅಡುಗೆಯಮ್ಮನತ್ತ ತಿರುಗಿದ. ಮುಖ ಕೆಂಪಾಗಿತ್ತು.

"ನಾನೇ ಅಕ್ಕ. ಡಾಕ್ಟರು ಸಿಹಿ ಬಿಡಿಸಿ ಎಂಟು ತಿಂಗಳಾಯ್ತು. ಒಂದೇ ಚೂರು ಅಂತ ಕೊಯ್ದೆ, ಅಂಚು ಓರೆಯಾಯ್ತು. ಸರಿಮಾಡೋಣ ಅಂತ ಇನ್ನೊಂದು ಕೊಯ್ದೆ. ಅದೂ ಓರೆ..."

"ಬಾಗಿಲು ಕೆತ್ತೋ ಹಾಗೆ ಕೇಕು ಕೆತ್ತಿದ್ರಾ?" ಅವನ ಹೆಂಡತಿ ಹಿಂದಿನಿಂದ ಕೂಗಿದಳು. ಫಾದರ್ ಕೂಡ ನಗು ತಡೆಯಲಾರದೆ ಕೆಮ್ಮಿದರು.

ಅಡುಗೆಯಮ್ಮ ನಗಲಿಲ್ಲ. "ತಂಗಿ ಮನೆ ಅಂತ ಅಂದಾಗ ಯಾಕೋ ಬಾಯಿ ಬಿಡಲಿಲ್ಲ?"

"ಹಗ್ಗ ಎಳೀತಿದ್ದೆ ಅಕ್ಕ, ಆ ಮಾತು ಕಿವಿಗೆ ಬಿದ್ದದ್ದೇ ಈಗ. ತಪ್ಪಾಯ್ತು."

ಅವಳು ಪೆಟ್ಟಿಗೆಯ ಮುಚ್ಚಳ ತೆಗೆದು ಆ ಅಂಚನ್ನು ನೋಡಿದಳು. "ಕೇಕು ಹೇಗಿತ್ತು?"

"ಅಂಚು ಸರಿಯಾದ ಮೇಲೂ ಚಾಕು ಕೆಳಗಿಡೋಕೆ ಮನಸ್ಸು ಬರಲಿಲ್ಲ."

ಅಡುಗೆಯಮ್ಮ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಚಾಕು ತಂದು ಬಡಗಿಯ ಕೈಗಿಟ್ಟಳು.

"ಉಳಿದದ್ದು ಎಲ್ಲರಿಗೂ ಬರೋ ಹಾಗೆ ನೀನೇ ಕೊಯ್ದು ಹಂಚು. ನಿನ್ನ ಪಾಲು ಆಗಲೇ ಮುಗಿದಿದೆ."

ಅಂದು ಹಂಚಿದ ಬೆರಳಗಲದ ತುಂಡುಗಳಲ್ಲಿ ಒಂದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಅಳೆದು ನೋಡಿದವನು ದರ್ಜಿ. ಟೇಪು ಅವನ ಕೊರಳಲ್ಲೇ ಇತ್ತು.