ಅಗ್ಗದ ಕ್ಯಾಮೆರಾ ತೆಗೆದ ಮುಖ

“ಕ್ಯಾಮೆರಾದಲ್ಲಿ ಜಿಂಕೆ ಸಿಕ್ಕಿದ್ರೆ ನೋಡ್ಕೋ. ಮನುಷ್ಯರು ಸಿಕ್ಕಿದ್ರೆ ಅಳಿಸಿಬಿಡು,” ಎಂದ ಅಮೋಸ್ ಟೀಟರ್. “ಮನುಷ್ಯರ ಮುಖದ ಚಿತ್ರ ಮಾತ್ರ ಮರಕ್ಕೆ ಹೊಡೀಬೇಡ, ಅಳಿಯಪ್ಪ.”

ಗ್ರೇಡಿ ನಕ್ಕ. ಕೊಲಂಬಸ್ ನಗರ ಬಿಟ್ಟು ಹೆಂಡತಿಯ ಊರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ವೆಸ್ಟ್ ವರ್ಜೀನಿಯಾದ ಈ ಗುಡ್ಡಗಾಡಿನವರ ಮಾತು, ಊಟ, ಪ್ರಾರ್ಥನೆ ಯಾವುದನ್ನೂ ಅವನು ಗೇಲಿ ಮಾಡದೆ ಬಿಟ್ಟಿರಲಿಲ್ಲ. ಅಮೋಸ್ ಅವನ ಹೆಂಡತಿ ಆರ್ಲೀನಳ ಸೋದರಮಾವ. ಬೇಟೆ ಸಾಮಾನು, ದನದ ಮೇವು, ಹೊಗೆಸೊಪ್ಪು ಮಾರುವ ಅಂಗಡಿ ಅವನದು. ಸುಟ್ಟ ಗಾಯದ ಮೇಲೆ ಊದಿ ಉರಿ ತೆಗೆಯುತ್ತಾನೆ ಎಂದು ಕಣಿವೆಯವರೆಲ್ಲ ನಂಬಿದ್ದರು. ಗ್ರೇಡಿ ಅದಕ್ಕೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಗಲ್ಲಾಪೆಟ್ಟಿಗೆಯ ಪಕ್ಕ ಮೂರು ಬಗೆಯ ಕಾಡು ಕ್ಯಾಮೆರಾಗಳಿದ್ದವು. ಮರಕ್ಕೆ ಕಟ್ಟಿಬಂದರೆ ಸಾಕು, ಮುಂದೆ ಏನು ಅಲುಗಾಡಿದರೂ ತಾವೇ ಚಿತ್ರ ತೆಗೆಯುವಂಥವು. ದುಬಾರಿಯದು ಚಿತ್ರವನ್ನು ನೇರ ಫೋನಿಗೆ ಕಳಿಸುತ್ತದೆ. ಲಿಕ್ ರನ್ ಕಣಿವೆಯಲ್ಲಿ ಸಿಗ್ನಲ್ ಸಿಕ್ಕರೆ ತಾನೇ? ನಡುವಿನದು ಬೆಳಕೇ ತೋರಿಸದೆ ಕತ್ತಲಲ್ಲೂ ಚೊಕ್ಕ ಚಿತ್ರ ಹಿಡಿಯುತ್ತದೆ. ಮೂರನೆಯದು ಅಗ್ಗದ ಮಾಲು. ಕೆಂಪಗೆ ಮಿನುಗುತ್ತದೆ, ಸೋಮಾರಿಯಂತೆ ತಡವಾಗಿ ಕಣ್ಣು ಬಿಡುತ್ತದೆ, ಜಿಂಕೆ ದಾಟಿಹೋದ ಮೇಲೆ ಅದರ ಬಾಲ ತೋರಿಸುತ್ತದೆ.

“ನಡುವಿಂದು ತಗೋ. ಅಗ್ಗದ್ದರಲ್ಲಿ ಯಾರ ಮುಖ ಯಾರದು ಅಂತ್ಲೇ ತಿಳಿಯಲ್ಲ,” ಎಂದ ಅಮೋಸ್.

“ಆಗ್ಲೇ ಎರಡು ಕಳ್ಳನ ಪಾಲಾಗಿವೆ. ಇನ್ನೂ ದುಬಾರಿದು ತಂದು ಅವನ ಮನೆ ತುಂಬಿಸ್ಲಾ? ಅಗ್ಗದ್ದೇ ಎರಡು ಕೊಡು. ಒಂದು ಅವನಿಗೆ ಆಸೆ ತೋರ್ಸೋಕೆ. ಇನ್ನೊಂದು ಮೇಲಿಂದ ಅವನನ್ನ ಹಿಡಿಯೋಕೆ. ಫೋಟೋ ಸಿಗ್ಲಿ, ಎದೆಗೆ ಮೊಳೆ ಹೊಡೆದು ತಗಲಾಕ್ತೀನಿ, ಊರೆಲ್ಲ ನೋಡ್ಲಿ.”

ಅಮೋಸನ ಮುಖ ಕಪ್ಪಿಟ್ಟಿತು. “ನಮ್ಮಜ್ಜನ ಕಾಲದಲ್ಲಿ ಇಲ್ಲಿ ಮಾಟ ಮಾಡ್ತಿದ್ದದ್ದೇ ಹಾಗೆ ಕಣಯ್ಯ. ಹಗೆಯವನ ಚಿತ್ರ ಬೀಚ್ ಮರಕ್ಕೆ ಹೊಡೆಯೋರು. ಚಿತ್ರದಲ್ಲಿ ಮೊಳೆ ಎಲ್ಲಿ ಇಳೀತೋ ಮೈಯಲ್ಲೂ ಅಲ್ಲೇ ಇಳಿಯೋದು.”

“ಹಾಗಾದ್ರೆ ಒಂದು ಹಿಡಿ ಮೊಳೆನೂ ಕೊಡು,” ಎಂದು ಗ್ರೇಡಿ ಕೈಯೊಡ್ಡಿದ.

ಇಷ್ಟೆಲ್ಲ ಒಂದು ಗಂಡು ಜಿಂಕೆಗಾಗಿ. ಅಂಥ ಕೊಂಬು ಕಣಿವೆಯಲ್ಲಿ ಯಾರೂ ಕಂಡಿರಲಿಲ್ಲ. ಕಳುವಾಗುವ ಮೊದಲು ಅವನ ಹಳೆಯ ಕ್ಯಾಮೆರಾಕ್ಕೆ ಒಮ್ಮೆ ಸಿಕ್ಕಿತ್ತು. ಬೇಟೆಯ ಋತು ಹತ್ತಿರ ಬರುತ್ತಿದ್ದಂತೆ ಅವನಿಗೆ ಕಣ್ಣು ಮುಚ್ಚಿದರೆ ಅದೇ ಕೊಂಬು.

“ಅದೊಂದನ್ನ ಬಿಟ್ಬಿಡು ಗ್ರೇಡಿ,” ಎಂದಳು ಆರ್ಲೀನ್, ಬೀನ್ಸ್ ಸಾರು ಬಡಿಸುತ್ತ. “ಕಾಡಲ್ಲಿ ಬೇರೆ ಜಿಂಕೆ ಇಲ್ವಾ?”

“ಯಾಕೆ, ಅದೇನು ನಿಮ್ಮ ಚಿಕ್ಕಪ್ಪನಾ?”

ಅವಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅವನೆದುರು ಮನಸ್ಸಿನ ಮಾತು ಆಡುವುದನ್ನು ಆ ಬಡಪಾಯಿ ಎಂದೋ ಬಿಟ್ಟಿದ್ದಳು.

ಆ ವಾರವೇ ಆಸೆ ತೋರಿಸಲು ಕಟ್ಟಿದ್ದ ಕ್ಯಾಮೆರಾ ಮಾಯವಾಯಿತು. ಮೇಲಿನ ಕೊಂಬೆಯಲ್ಲಿದ್ದದ್ದು ತನ್ನ ಕೆಲಸ ಮಾಡಿತ್ತು. ದೊಗಲೆ ಕೋಟು, ಹಣೆ ಮುಚ್ಚಿದ ಟೋಪಿ, ಮರಕ್ಕೆ ಬಿಗಿದ ಪಟ್ಟಿ ಬಿಚ್ಚುತ್ತಿರುವ ಕೈ. ಮುಖವಿರಬೇಕಾದಲ್ಲಿ ಬಿಳಿಯ ಮಸುಕು. ಬೇಲಿಯ ವಿಷಯಕ್ಕೆ ಜಗಳವಾಡಿದ್ದ ನೆರೆಯ ವೆಂಡೆಲನೇ ಎಂದು ಗ್ರೇಡಿ ತೀರ್ಮಾನಿಸಿಬಿಟ್ಟ. ದ್ವೇಷವಿದ್ದ ಕಡೆ ಗುರುತು ಹಿಡಿಯಲು ಮುಖ ಯಾಕೆ ಬೇಕು?

ಮನೆಯಲ್ಲೇ ಚಿತ್ರ ಅಚ್ಚು ಹಾಕಿಕೊಂಡು ಸಂಜೆಗೆ ಮುಂಚೆ ಗುಡ್ಡ ಹತ್ತಿದ. ಬೀಚ್ ಮರಗಳ ತೋಪಿನೊಳಗೆ ಆಗಲೇ ಮಬ್ಬು ಕವಿದಿತ್ತು. ಕೊಳೆತ ಎಲೆಯ ವಾಸನೆ, ಅದರಡಿಯಿಂದ ಸುಟ್ಟ ಕೂದಲಿನಂಥ ಇನ್ನೊಂದು ವಾಸನೆ. ಒಂದು ಕಾಗೆಯೂ ಕೂಗಲಿಲ್ಲ. ದಪ್ಪ ಮರಕ್ಕೆ ಕಾಗದ ಒತ್ತಿ ಹಿಡಿದ. ಎದೆಯ ಮೇಲೆ ಮೊಳೆ ಇಟ್ಟ.

“ಬಾರೋ ವೆಂಡೆಲ್, ಕ್ಯಾಮೆರಾ ಬೇಕಾ?”

ಸುತ್ತಿಗೆ ಬಿತ್ತು. ಬೀಚ್ ಮರ ಕಲ್ಲಿನಂಥ ಮರ. ಮೊಳೆ ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಸದ್ದು ಮರದ್ದಾಗಿರಲಿಲ್ಲ. ಒಳಗೆ ಏನೋ ಮುರಿದಂತಿತ್ತು. ಕಾಗದದ ಹಿಂದಿನಿಂದ ಬೆಚ್ಚಗಿನ ಕಪ್ಪು ನೀರು ಜಿನುಗಿ ಅವನ ಬೆರಳಿಗೆ ಹತ್ತಿತು. ಮರ ಉಸಿರು ಎಳೆದುಕೊಂಡಿತು. ಅವನು ಕೇಳಿಸಿಕೊಂಡ. ಸುತ್ತಿಗೆ ಅಲ್ಲೇ ಬಿಟ್ಟು ಇಳಿಜಾರಿನಲ್ಲಿ ಎದ್ದುಬಿದ್ದು ಓಡಿದ.

ಮನೆಯ ತುಂಬ ಸೀದ ಜೋಳದ ರೊಟ್ಟಿಯ ಹೊಗೆ. ಒಲೆಯ ಮುಂದೆ ಆರ್ಲೀನ್ ಬಿದ್ದಿದ್ದಳು, ಎರಡೂ ಕೈಯಲ್ಲಿ ಎದೆ ಅವುಚಿಕೊಂಡು.

“ಏನಾಯ್ತೇ?”

“ಮೊಳೆ… ಮೊಳೆ ಹೊಡೆದ ಹಾಗೆ.”

ಅಂಗಿಯ ಗುಂಡಿ ಬಿಚ್ಚಿ ನೋಡಿದ. ಗಾಯವಿರಲಿಲ್ಲ. ಮೊಳೆಯ ತಲೆಯಷ್ಟು ಅಗಲದ ಕಪ್ಪು ಕಲೆ, ತುಕ್ಕು ಕಬ್ಬಿಣದ ನಾತ. ಮನೆಯ ತಂತಿ ಫೋನಿನಿಂದ ಆಂಬುಲೆನ್ಸಿಗೆ ಕರೆ ಮಾಡಿದ. ಪೇಟೆಯಿಂದ ಗುಡ್ಡ ಸುತ್ತಿ ಬರಬೇಕು, ತಡವಾಗುತ್ತದೆ ಎಂದರು. ಅವಳನ್ನು ಎತ್ತಿ ಮಂಚದ ಮೇಲೆ ಮಲಗಿಸಿದ.

“ನಿನ್ನ ಕ್ಯಾಮೆರಾ ತೆಗೆದಿದ್ದು ನಾನೇ,” ಎಂದಳು, ಒಂದೊಂದೇ ಮಾತಿಗೆ ಉಸಿರು ಕೂಡಿಸಿಕೊಳ್ಳುತ್ತ. “ಅಪ್ಪನ ಕೋಟು ಹಾಕ್ಕೊಂಡು ಹೋಗ್ತಿದ್ದೆ. ಆ ಜಿಂಕೆ… ನಾನೇ ಬಾಟಲಿ ಹಾಲು ಕೊಟ್ಟು ಸಾಕಿದ ಮರಿ ಕಣೋ. ಬಿಸ್ಕಿಟ್ ಅಂತ ಹೆಸರು. ಹೇಳಿದ್ರೆ ನೀನು ನಗ್ತಿದ್ದೆ.”

ನಗುತ್ತಿದ್ದ. ಅದು ಅವನಿಗೂ ಗೊತ್ತಿತ್ತು. ಹೊರಕೋಣೆಗೆ ಹೋಗಿ ಅಮೋಸನಿಗೆ ಫೋನ್ ಮಾಡಿದ. ನಡೆದದ್ದನ್ನು ಕೇಳಿ ಮುದುಕ ಆ ಕಡೆ ಬಾಯಿಬಿಟ್ಟು ಅತ್ತ.

“ಹೋಗಿ ಮೊಳೆ ಕಿತ್ತುಬಿಡ್ಲಾ?”

“ಕಿತ್ತೀಯ, ಜೋಕೆ! ಮೊಳೆ ಜೊತೆಗೇ ಅವಳ ಪ್ರಾಣಾನೂ ಬರುತ್ತೆ. ಕೇಳಿಲ್ಲಿ. ಏಟು ತಿಂದೋರು ಹೊಡೆದವನ ಹತ್ರಾನೇ ಏನಾದ್ರೂ ಕೇಳ್ತಾರೆ. ಉಪ್ಪೋ, ನೀರೋ. ಅವನು ಕೈಯಾರೆ ಕೊಟ್ರೆ ಮೊಳೆ ಅವರನ್ನ ಬಿಟ್ಟು ಅವನ ಎದೆಗೆ ಬರುತ್ತೆ. ಕೊಡದಿದ್ರೆ ಅವರಲ್ಲೇ ಉಳಿಯುತ್ತೆ.”

ಗ್ರೇಡಿ ತನ್ನ ಎದೆ ಮುಟ್ಟಿ ನೋಡಿಕೊಂಡ.

“ನಿನಗೆ ಇದೆಲ್ಲ ಸುಳ್ಳು ತಾನೇ?” ಎಂದ ಅಮೋಸ್. “ಅವಳು ಕೇಳಿದ್ದನ್ನ ಕೊಡು. ನಿನ್ನ ಗಂಟೇನು ಹೋಗುತ್ತೆ?”

ಫೋನ್ ಇಟ್ಟು ಅವಳ ಬಳಿ ಬಂದ. ಕಿಟಕಿಯಾಚೆ ಬೆಳಕು ಇಳಿದುಹೋಗುತ್ತಿತ್ತು. ಕೋಣೆಯಲ್ಲಿ ಅವಳ ಉಸಿರಿನ ಗೊರಗೊರ ಒಂದೇ.

“ಗ್ರೇಡಿ. ನೀರು.”

ಅಡುಗೆಮನೆಗೆ ಓಡಿ ಲೋಟ ತುಂಬಿಸಿಕೊಂಡು ಬಂದ. ಮಂಚದ ಹತ್ತಿರ ನಿಂತ. ಕೈ ಮುಂದಾಯಿತು. ಅವನ ಎದೆಯ ನಡುವೆ ಸೂಜಿಮೊನೆಯಷ್ಟು ತಣ್ಣಗೆ ಏನೋ ಮುಟ್ಟಿತು. ಕೈ ಹಿಂದಕ್ಕೆ ಬಂತು. ಮಧ್ಯಾಹ್ನದ ಗ್ರೇಡಿಯಾಗಿದ್ದರೆ ಗೇಲಿ ಮಾಡುತ್ತಲೇ ಕೊಟ್ಟುಬಿಡುತ್ತಿದ್ದ, ಅವಳು ಬದುಕುತ್ತಿದ್ದಳು. ಈಗ ಅವನು ನಂಬಿದ್ದ.

“ನೀರು ಕೊಡೋ.”

ಲೋಟವನ್ನು ಮಂಚದ ಪಕ್ಕದ ಮೇಜಿನ ಮೇಲಿಟ್ಟ. “ಅಲ್ಲೇ ಇದೆ. ತಗೋ.”

ಅವಳು ಕೈ ಚಾಚಿದಳು. ಬೆರಳು ಮೇಜಿನ ಅಂಚು ಮುಟ್ಟಿ ಜಾರಿತು. ಲೋಟ ನೋಡಿದಳು. ಗೋಡೆಗೆ ಬೆನ್ನು ಹಚ್ಚಿ, ಎರಡೂ ಕೈ ಕಂಕುಳಲ್ಲಿ ಹುದುಗಿಸಿ ನಿಂತ ಗಂಡನನ್ನು ನೋಡಿದಳು. ಅವಳು ಈ ಕಣಿವೆಯಲ್ಲೇ ಹುಟ್ಟಿ ಬೆಳೆದವಳು. ಯಾರೂ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಮೊಳೆ ಹೊಡೆದಿದ್ದು ನೀನಾ?”

ಅವನು ತಲೆ ತಗ್ಗಿಸಿದ.

“ನಾನು ಅಂತ ಗೊತ್ತಿರ್ಲಿಲ್ಲ, ಅಲ್ವಾ?”

“ಇಲ್ಲ! ದೇವರಾಣೆ ಇಲ್ಲ!”

“ಈಗ ಗೊತ್ತಲ್ಲ,” ಎಂದಳು ಆರ್ಲೀನ್.

ಲೋಟದ ನೀರು ಅಲುಗದೆ ನಿಂತಿತ್ತು. ಅವನ ಕಾಲು ಒಂದು ಹೆಜ್ಜೆ ಕಿತ್ತಿಟ್ಟಿತು. ಎದೆಯಲ್ಲಿ ಮತ್ತೆ ಆ ತಣ್ಣನೆಯ ಮೊನೆ. ಕಾಲು ನಿಂತಿತು. ಹೊರಗೆ ಎಲ್ಲೋ ಆಂಬುಲೆನ್ಸಿನ ಕೂಗು ತಿರುವು ತಿರುವಿಗೆ ಹತ್ತಿರವಾಗಿ ಮರೆಯಾಗಿ ಮತ್ತೆ ಕೇಳಿಸುತ್ತಿತ್ತು.

“ಬಿಡು, ಬೇಡ,” ಎಂದು ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. “ಬಾಯಾರಿಕೆ ಹೋಯ್ತು.”

ಗೊರಗೊರ ನಿಂತಿತು. ಗ್ರೇಡಿ ಕಾದ. ಇನ್ನೂ ಸ್ವಲ್ಪ ಕಾದ. ಅವಳ ಮೂಗಿನ ಬಳಿ ಬೆರಳಿಟ್ಟು, ಉಸಿರಿಲ್ಲವೆಂದು ಖಚಿತ ಮಾಡಿಕೊಂಡ. ಆಮೇಲೆ ಲೋಟ ಎತ್ತಿದ. ಅವಳ ತಲೆಯನ್ನು ಮೆಲ್ಲಗೆ ತೋಳಮೇಲೆ ತೆಗೆದುಕೊಂಡು ತುಟಿಗೆ ಹಿಡಿದ. ನೀರು ಗದ್ದದಿಂದ ಇಳಿದು ಕೊರಳು ದಾಟಿ ಎದೆಯ ಕಪ್ಪು ಕಲೆಯನ್ನು ತೋಯಿಸಿತು.

“ಕುಡಿಯೇ,” ಎಂದ. “ನಾನೇ ಕೊಡ್ತಿದ್ದೀನಿ, ಕುಡಿಯೇ.”