ಔಟಾಗದ ಶಿವಲೀಲಾ

ಶಿವಲೀಲಾ ಕಂಬ ಸುತ್ತಿ ಈಚೆ ಬಂದಳು. ಇನ್ನೂ ಔಟಾಗಿರಲಿಲ್ಲ.

ಇವತ್ತು ಚೆನ್ನಾಗಿ ಆಡಿದವರಿಗೇ ಔರಾದಿನ ತಾಲೂಕು ಖೋ ಖೋ ಪಂದ್ಯಕ್ಕೆ ಹೋಗುವ ಅವಕಾಶ. ಅವಳಿಗೋ ಬೆಳಗಿನಿಂದ ಹೆದರಿಕೆ. ಲಾಕ್‌ಡೌನ್‌ನಲ್ಲಿ ಮನೆಯೊಳಗೇ ಕೂತು ಮೈ ಬಂದಿತ್ತು. ಹಳೆಯ ಟ್ರ್ಯಾಕ್ ಪ್ಯಾಂಟ್ ಸೊಂಟಕ್ಕೆ ಏರಲೇ ಇಲ್ಲ. ಅಣ್ಣನದನ್ನು ಹಾಕಿಕೊಂಡು, ತಾನು ಹೋಗುವುದೇ ಇಲ್ಲ, ಎಲ್ಲರೂ ನಗುತ್ತಾರೆ ಎಂದು ಬಾಗಿಲಲ್ಲೇ ನಿಂತಿದ್ದಳು.

"ಹೋಗಿ ನೋಡವಾ. ಕಾಲು ಓಡೂದು ಮರ್ತಿರಂಗಿಲ್ಲ," ಎಂದು ಅವ್ವ ಕಳಿಸಿದ್ದಳು.

ಅವ್ವ ಹೇಳಿದ್ದು ಖರೇ ಅನ್ನಿಸಿತು. ಭಾಗ್ಯಶ್ರೀ ಬೆನ್ನಟ್ಟಿದಳು, ಸಿಗಲಿಲ್ಲ. ಆಯೆಶಾ ಬಂದಳು, ಅವಳಿಗೂ ಸಿಗಲಿಲ್ಲ. ಎಷ್ಟೋ ತಿಂಗಳ ಮೇಲೆ ಶಿವಲೀಲಾಳ ಮುಖದಲ್ಲಿ ನಗು ಬಂತು.

ಆಗಲೇ ಕಾಲು ಜಾರಿತು. ಮಂಡಿಯೂರಿ ಬಿದ್ದಳು. ತಿರುಗಿ ನೋಡಿದರೆ ಸುಮನ, ಅವಳದೇ ಬೆಂಚಿನ ಗೆಳತಿ. ಒಮ್ಮೆ ಮುಟ್ಟಿದರೆ ಔಟ್. ಸುಮನಳ ಕೈ ಮುಂದೆ ಬಂತು. ಭುಜದ ಹತ್ತಿರ ಬಂದು ನಿಂತಿತು. ಹಾಗೇ ಹಿಂದೆ ಹೋಯಿತು.

"ಮುಟ್ಟು ಲೇ ನನ್ನ," ಎಂದಳು ಶಿವಲೀಲಾ.

ಸುಮನ ಮೆಲ್ಲಗೆ ಹೇಳಿದಳು: "ನಮ್ಮವ್ವ ಬ್ಯಾಡ ಅಂದಾಳ. ಎಲ್ಲಾರ ಮನ್ಯಾಗೂ ಅಂದಾರ. ನಿಮ್ಮ ಆಯಿ ಕರೋನಾದಾಗ ಹೋದ್ರಲ್ಲ."

ಬೀದರಿನ ದವಾಖಾನೆಗೆ ಹೋದ ಆಯಿ, ಅವಳ ಅಜ್ಜಿ, ತಿರುಗಿ ಬಂದಿರಲಿಲ್ಲ. ಅದಾಗಿ ಒಂದು ಮಳೆಗಾಲವೇ ಕಳೆದಿತ್ತು.

ಸೀಟಿ ಕೇಳಿತು. ಗೋರಖನಾಥ ಸರ್ ದೂರದಿಂದಲೇ ಚಪ್ಪಾಳೆ ತಟ್ಟಿದರು.

"ಶಾಬಾಸ್ ಶಿವಲೀಲಾ. ನಾಟೌಟ್. ಔರಾದಕ್ಕ ನೀ ಪಕ್ಕಾ."

"ಇಲ್ರಿ ಸರ್. ನಾ ಔಟ್ ಆಗೀನ್ರಿ."

"ಹೌದಾ? ಯಾರು ಮುಟ್ಯಾರ?"

ಸಾಲಿನಲ್ಲಿ ಕೂತ ಹುಡುಗಿಯರು ನೆಲ ನೋಡಿದರು. ಸುಮನ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಸರ್ ನಕ್ಕು, ಇಂಥ ಓಟ ನೋಡಿ ಬಹಳ ದಿನವಾಗಿತ್ತು ಎಂದರು.

ಶಿವಲೀಲಾ ಮಂಡಿಯ ಮಣ್ಣು ಒರೆಸಿಕೊಂಡಳು. ತನಗೆ ಮೊದಲಿನಂತೆ ಓಡಲು ಬರುತ್ತದೋ ಇಲ್ಲವೋ, ಅದು ಅವಳಿಗೆ ಇವತ್ತೂ ಗೊತ್ತಾಗಲಿಲ್ಲ. ಗೊತ್ತಾಗಬೇಕಿದ್ದರೆ, ಯಾರಾದರೂ ಒಬ್ಬರು ಅವಳನ್ನು ಮುಟ್ಟಲು ಓಡಿ ಬರಬೇಕಿತ್ತು.