ಗೋಡೆಯೊಳಗೆ ಜಾರುವ ಬಾಗಿಲು

"ರೀ, ಸರಿದು ನಿಂತ್ಕೊಳ್ಳಿ, ಬಾಗಿಲು ಬೀಳತ್ತೆ."

ಮದುವೆಯಾಗಿ ಮುಳಬಾಗಿಲಿಗೆ ಬಂದ ಮೊದಲ ಬೆಳಗು ಸುಂದರಾಬಾಯಿ ಗಂಡನಿಗೆ ಆಡಿದ ಮೊದಲ ಮಾತು ಇದು. ಮಾತು ಮುಗಿಯುವ ಮೊದಲೇ ಬಚ್ಚಲಿನ ಬಾಗಿಲು ಪ್ರಹ್ಲಾದನ ಪಾದದ ಮೇಲೆ ಬಿತ್ತು. ಆ ಸದ್ದಿಗೆ ಕೋಲಾರದಲ್ಲಿ ಮಲಗಿದ್ದ ಮಕ್ಕಳೆಲ್ಲ ಎದ್ದು ಅತ್ತವು. ನಂಬದವರು ಬೇರೆ ಕಥೆ ಓದಬಹುದು.

ಆ ಬಚ್ಚಲು ಎಷ್ಟು ಚಿಕ್ಕದೆಂದರೆ, ಸೀನು ಬಂದರೆ ಹೊರಗೆ ಬಂದು ಸೀನಬೇಕು. ಬಾಗಿಲು ಒಳಕ್ಕೆ ತೆರೆದರೆ ಹಂಡೆಗೆ ಬಡಿಯುತ್ತಿತ್ತು, ಹೊರಕ್ಕೆ ತೆರೆದರೆ ಒರಳಿಗೆ. ಹಿಂದೆ ಇದ್ದವರು ಬೇಸತ್ತು, ಕೀಲು ಕಿತ್ತು, ಸುಮ್ಮನೆ ಒರಗಿಸಿಟ್ಟಿದ್ದರು.

"ಊರಿನ ಹೆಸರಲ್ಲಿ ಬಾಗಿಲಿದೆ, ಮನೇಲಿಲ್ಲ," ಎಂದಳು.

ಪ್ರಹ್ಲಾದ ಪಾದ ಹಿಡಿದುಕೊಂಡೇ ನಕ್ಕ. ಸಿಟ್ಟಿನಲ್ಲಿದ್ದವಳು ಆ ನಗುವನ್ನು ನೋಡಲಿಲ್ಲ... ನೋಡಿದಳು, ತೋರಿಸಿಕೊಳ್ಳಲಿಲ್ಲ.

"ಗೋಡೆಯೊಳಗೆ ಜಾರಿ ಹೋಗೋ ಬಾಗಿಲು ಬೇಕು. ಚಿನ್ನದ ಗಣಿಯ ಬಂಗಲೆಯಲ್ಲಿ ನೋಡಿದೀನಿ."

"ಆಗಲಿ," ಎಂದ ಅವನು.

ಮೊದಲು ತಂದ ಮಾವಿನ ಹಲಗೆ ಹಬೆಗೆ ಊದಿಕೊಂಡು ಆನೆಯಾಯಿತು. ಎರಡನೆಯದರ ಹಳಿ ನೆಲದಲ್ಲಿತ್ತು.

"ಹಳಿ ಮೇಲಿರಬೇಕು ಕಣ್ರೀ. ಕೆಳಗಿದ್ರೆ ಸೀಗೇಪುಡಿ ಹೋಗಿ ಕೂತ್ಕೊಳತ್ತೆ."

"ಅಂಗಡಿಯವನು ಒಳ್ಳೇದು ಅಂದ."

"ಅವನು ನಮ್ಮನೇಲಿ ಸ್ನಾನ ಮಾಡ್ತಾನಾ?"

ಅದೂ ಸೀಗೇಪುಡಿಗೆ ಸಿಕ್ಕಿ ನಿಂತುಬಿಟ್ಟ ಮೇಲೆ ಹಳೆಯ ಸೀರೆಯನ್ನೇ ಪರದೆ ಕಟ್ಟಿದರು. ಗಾಳಿ ಬೀಸಿದಾಗಲೆಲ್ಲ ಅವಳು ಪರದೆಯ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡು ನೀರು ಸುರಿದುಕೊಳ್ಳಬೇಕಿತ್ತು. ಒಂದು ದಿನ ಅಂಚು ತಪ್ಪಿತು, ತಾಳ್ಮೆಯೂ ತಪ್ಪಿತು.

"ಶ್ರೀನಿವಾಸಪುರಕ್ಕೆ ಹೋಗ್ತೀನಿ. ಬಾಗಿಲು ನಿಲ್ಲಿಸಿ, ಕರೆಯೋಕೆ ಬನ್ನಿ."

ತವರಿನಲ್ಲಿ ಅರ್ಧ ಮಾತು ತೆಲುಗು. ಬಾಗಿಲಿಗೆ ಅಲ್ಲಿ 'ತಲುಪು' ಎಂದೇ ಹೆಸರು. ಕೆಲವು ವಾರ ಕಾದವಳು, ಮಾವಿನ ಹಣ್ಣಿನ ಬುಟ್ಟಿಯೊಂದನ್ನು ಬಸ್ಸಿನ ಕಂಡಕ್ಟರ್ ಪೆದ್ದಪ್ಪನ ಕೈಗಿಟ್ಟಳು.

"ಇದನ್ನ ಅವರಿಗೆ ಕೊಟ್ಟು, ತಲುಪು ಆಯ್ತಾ ಅಂತ ಕೇಳಿಕೊಂಡು ಬಾ, ಪೆದ್ದಪ್ಪಣ್ಣ."

ಪೆಟ್ರೋಲು ಸಿಗದ ಯುದ್ಧಕಾಲದ, ಇದ್ದಿಲು ಸುಟ್ಟು ಓಡುವ ಬಸ್ಸು ಅದು. ಆಮೆಗಳು ಅದನ್ನು ಹಿಂದೆ ಹಾಕಿ, ಮುಂದಿನ ಊರಿನಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತಿದ್ದವು. ಕೊನೆಗೂ ಉತ್ತರ ಬಂತು.

"ಆಯ್ತಂತಮ್ಮ. ಬಹಳ ಚೆನ್ನಾಗಿದೆಯಂತೆ."

ಸುಂದರಾಬಾಯಿ ಟ್ರಂಕು ಕಟ್ಟಿಟ್ಟಳು. ಅವನು ಬರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ...

'ಬಾಗಿಲು ಬಂತು, ಹೆಂಡತಿ ಬೇಡವಾದಳೇ?'

ಮೊದಲು ಅತ್ತಳು. ಆಮೇಲೆ, ಟ್ರಂಕು ಎತ್ತಿಕೊಂಡು ತಾನೇ ಬಸ್ಸು ಹತ್ತಿದಳು. ಅವಳ ಸಿಟ್ಟಿನ ಕಾವಿಗೆ ಆ ದಿನ ಇದ್ದಿಲು ಅರ್ಧ ಸಾಕಾಯಿತು.

ಮನೆಯಲ್ಲಿ ಪ್ರಹ್ಲಾದ ಸುಣ್ಣ ಮೆತ್ತಿಕೊಂಡು ನಿಂತಿದ್ದ. ಬಚ್ಚಲಿನ ಪಕ್ಕದಲ್ಲಿ ಹೊಸ ಗೋಡೆ ಎದ್ದಿತ್ತು. ಎರಡು ಗೋಡೆಗಳ ನಡುವೆ ಬಾಗಿಲು ಜಾರಲು ಸಂದು ಬಿಟ್ಟಿದ್ದರು. ಬಾಗಿಲು ಮಾತ್ರ ಇರಲಿಲ್ಲ.

"ತಲುಪು ಆಯ್ತು, ಚೆನ್ನಾಗಿದೆ ಅಂದ್ರಲ್ಲ?"

"ಹೌದು, ಹಣ್ಣು ತಲುಪಿತು. ಚೆನ್ನಾಗಿತ್ತು."

"ಹಣ್ಣಲ್ಲ... ತಲುಪು ಅಂದ್ರೆ ಬಾಗಿಲು."

"ನಂಜನಗೂಡಿನೋನು ನಾನು. ನನಗೇನು ಗೊತ್ತು ನಿಮ್ಮ ತೆಲುಗು?"

ನಗು ಬಂತು. ಆದರೆ ಅಳು ಅದಕ್ಕಿಂತ ಮುಂದಿತ್ತು.

"ಗೋಡೆ ಕಟ್ಟಿಸಿದೋರಿಗೆ ಬಾಗಿಲು ತರೋಕೆ ಏನಾಗಿತ್ತು?"

ಅವನು ತಲೆ ತಗ್ಗಿಸಿದ. "ಹಿಂದೆ ತಂದದ್ದೆಲ್ಲ ಕೆಟ್ಟಿತು. ಇದೂ ಕೆಟ್ಟರೆ ನೀನು ಬರೋದೇ ಇಲ್ಲ ಅಂತ... ಬಡಗಿ ಮುನಿಶಾಮಿ ಅಂಗಡಿಗೆ ದಿನಾ ಹೋಗ್ತೀನಿ. ಮುಟ್ಟಿ ನೋಡ್ತೀನಿ, ಹೆದರಿ ವಾಪಸ್ ಬರ್ತೀನಿ."

ಅವಳು ಟ್ರಂಕನ್ನು ಕೆಳಗಿಟ್ಟಳು.

ಸಂಜೆ ಇಬ್ಬರೂ ಮುನಿಶಾಮಿಯ ಅಂಗಡಿಯಲ್ಲಿದ್ದರು. ಅವಳು ಬಾಗಿಲುಗಳನ್ನು ತಟ್ಟಿದಳು, ಮೂಸಿದಳು, ಬೈದಳು. ಕೊನೆಗೆ ಮೇಲಿನ ಹಳಿಯಲ್ಲಿ ಹಿತ್ತಾಳೆ ಗಾಲಿಗಳಿಂದ ತೂಗುತ್ತಿದ್ದ ಒಂದು ತೇಗದ ಬಾಗಿಲನ್ನು ಕಿರುಬೆರಳಿನಿಂದ ತಳ್ಳಿದಳು. ಅದು ಬೆಕ್ಕಿನಂತೆ ಸದ್ದಿಲ್ಲದೆ ಸರಿಯಿತು.

"ಇದೇ."

ಮುನಿಶಾಮಿ ಗಾಡಿ ತರಲು ಹೋದ. ಪ್ರಹ್ಲಾದ ಮೆಲ್ಲಗೆ ಕೇಳಿದ: "ಬಾಗಿಲಿಲ್ಲದೇ ಕರೆಯೋಕೆ ಬಂದಿದ್ರೆ, ಬರ್ತಿದ್ದೆಯಾ?"

"ಬೈಕೊಂಡೇ ಬರ್ತಿದ್ದೆ. ಬಸ್ಸಿನ ತುಂಬಾ ಕೇಳಿಸೋ ಹಾಗೆ."

"ಹಾಗಾದ್ರೆ ತಪ್ಪಾಯ್ತು, ಸುಂದರಾ. ಬೈಸ್ಕೊಂಡೇ ಕರ್ಕೊಂಡು ಬರಬೇಕಿತ್ತು."